ಗಾಡಿ ಇಲ್ಲದ ಹೆಲ್ಮೆಟ್ಟು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಒಟ್ಟು ನೂರಾ ಮೂವತ್ತು ಎಚ್ಚರಿಕೆಯ ಬೋರ್ಡುಗಳಿದ್ದವು. ಎಲ್ಲವೂ ಒಬ್ಬರದೇ ಕೈಬರಹ. 'ಬ್ಲೇಡಿನ ಹತ್ತಿರ ಬೆರಳು ಬೇಡ', 'ಒದ್ದೆ ನೆಲ, ನಿಧಾನ', 'ಮೆಟ್ಟಿಲು ಇದೆ', ಮೆಟ್ಟಿಲು ಮುಗಿದ ಕಡೆ 'ಮೆಟ್ಟಿಲು ಮುಗಿದಿದೆ'. ಒಮ್ಮೆ ಕೆಲಸಗಾರನೊಬ್ಬ ಬೋರ್ಡು ಓದುತ್ತ ನಿಂತು, ಹಿಂದಿನಿಂದ ಬಂದ ತಳ್ಳುಗಾಡಿಯಿಂದ ಗುದ್ದಿಸಿಕೊಂಡ. ಮರುದಿನ ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡು ಬಂತು: 'ಬೋರ್ಡು ಓದುವಾಗ ಹಿಂದೆ ನೋಡಿಕೊಳ್ಳಿ.'

ಈ ಬೋರ್ಡುಗಳ ಕರ್ತೃವಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕಾರ್ಖಾನೆಯಲ್ಲೂ ಬೀದಿಯಲ್ಲೂ ಅವರು ಜೋಪಾನರಾಯರು. ಯಾರಾದರೂ ನೀರು ಕುಡಿಯಲು ಲೋಟ ಎತ್ತಿದರೆ 'ಜೋಪಾನ' ಎನ್ನುವರು. ಮಲಗಲು ಹೊರಟವರಿಗೂ 'ಜೋಪಾನ' ಎನ್ನುವರು. ಹತ್ತು ವರ್ಷದ ಹಿಂದೆ ಸ್ಕೂಟರ್ ಅಪಾಯದ ವಸ್ತು ಎಂದು ತೀರ್ಮಾನಿಸಿ ಮಾರಿಬಿಟ್ಟರು. ಹೆಲ್ಮೆಟ್ಟನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಅವರ ತಾಯಿ ಅದನ್ನು ಮಗುಚಿ, ಅಡುಗೆಮನೆಯ ಅಟ್ಟದ ಕೆಳಗೆ ನೇತುಹಾಕಿ, ಈರುಳ್ಳಿ ಹಾಕಿಡಲು ಬಳಸುತ್ತಿದ್ದರು.

ಇಂಥ ಮನೆಯಲ್ಲಿ ಒಂದು ಸಂಜೆ ರಾಯರ ಹೆಂಡತಿ, ಕಾಫಿ ಲೋಟ ಕೆಳಗಿಡುತ್ತ, "ರೀ, ದೊಡ್ಡಾಸ್ಪತ್ರೆ ಹೊಲಿಗೆ ಕೋಣೇಲಿ ಕೆಲಸ ಇದೆಯಂತೆ. ಮಂಗಳವಾರ, ಶುಕ್ರವಾರ. ಹರಿದ ಚಾದರ, ದಿಂಬಿನ ಚೀಲ ರಿಪೇರಿ ಮಾಡೋದು. ನಾನು ಹೂಂ ಅಂದುಬಿಟ್ಟೆ" ಎಂದರು.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಈ ಹೆಂಗಸು ಅನುಮತಿ ಕೇಳದೆ ಹೂಂ ಅಂದದ್ದು ಇದೇ ಮೊದಲು.

"ಆಸ್ಪತ್ರೆ ಇಲ್ಲಿಂದ ಎರಡೂವರೆ ಮೈಲಿ."

"ನಡ್ಕೊಂಡು ಹೋಗ್ತೀನಿ."

"ಒಬ್ಬಳೇನಾ? ದಾರಿ ತುಂಬ ಗುರುತಿಲ್ಲದ ಜನ."

"ಗುರುತಿಲ್ಲದವರಿಗೆ ನನ್ನ ಗುರುತೂ ಇರಲ್ಲ ಅಲ್ವಾ. ಅಲ್ಲಿಗೆ ಸಮ ಆಯ್ತು."

ಮೂಲೆಯಲ್ಲಿ ಕುಳಿತಿದ್ದ ತಾಯಿ ನಕ್ಕರು. "ಹೋಗಲಿ ಬಿಡೋ. ನಿಮ್ಮಪ್ಪನೂ ನಿನ್ನ ಹಾಗೇ. ಬಾವಿಗೆ ಯಾರೂ ಬೀಳಬಾರ್ದು ಅಂತ ಸುತ್ತ ತಂತಿ ಬೇಲಿ ಹಾಕ್ಸಿ, ಆ ಬೇಲಿ ಎಡವಿಯೇ ಕಾಲು ಮುರ್ಕೊಂಡ."

ರಾಯರು ಸೋಲುವ ಆಸಾಮಿಯಲ್ಲ. ಅಂದು ಕೂತು 'ಒಂಟಿಯಾಗಿ ಸಂಚರಿಸುವವರಿಗೆ ಸಪ್ತ ಸೂತ್ರಗಳು' ಎಂಬ ಒಂದು ಪತ್ರ ಸಿದ್ಧಪಡಿಸಿದರು. ಅಪರಿಚಿತರೊಡನೆ ಮಾತು ಬೇಡ. ಯಾರಾದರೂ ಹಿಂದೆ ಬರುತ್ತಿದ್ದಾರೆ ಅನಿಸಿದರೆ ರಸ್ತೆ ದಾಟಿ, ಆಗಲೂ ಬಂದರೆ ಜನ ಇರುವ ಅಂಗಡಿ ಹೊಕ್ಕು ನಿಲ್ಲುವುದು. ಬೀಗದ ಕೈಯನ್ನು ಬೆರಳುಗಳ ನಡುವೆ ಹಿಡಿದಿರುವುದು. ಹಿಂಬಾಲಿಸುವವನನ್ನು ಒಬ್ಬರೇ ಎದುರಿಸದೆ ಗುಂಪಾಗಿ ಎದುರಿಸುವುದು. ಹೀಗೆ ಸಾಗಿ ಕಡೆಯ ಸೂತ್ರ ಹತ್ತಿರದ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತಿತ್ತು. ಪತ್ರದ ಅಡಿಯಲ್ಲಿ ಷರತ್ತೊಂದನ್ನು ಸೇರಿಸಿದರು. ಅದನ್ನು ಹೊಸದಾಗಿ ಬರೆಯುವ ತಾಪತ್ರಯ ಯಾಕೆಂದು ಕಾರ್ಖಾನೆಯ ಯಂತ್ರದ ಕೋಣೆಯ ನಿಯಮವನ್ನೇ ಎತ್ತಿಕೊಂಡು, 'ಯಂತ್ರ' ಇದ್ದಲ್ಲಿ 'ರಸ್ತೆ' ಹಾಕಿದರು: 'ಒಂದು ತಿಂಗಳ ಪರೀಕ್ಷಾ ಅವಧಿಯಲ್ಲಿ ಅಹಿತಕರ ಘಟನೆ ನಡೆದಲ್ಲಿ, ಅದಕ್ಕೆ ಕಾರಣರಾದವರು ಮುಂದೆ ರಸ್ತೆಯ ಬಳಿ ಒಂಟಿಯಾಗಿ ಸುಳಿಯತಕ್ಕದ್ದಲ್ಲ.'

ಹೆಂಡತಿ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ರಾಯರೂ ಹಾಕಿದರು. ಒಂದು ಪ್ರತಿ ಆಕೆಯ ಚೀಲಕ್ಕೆ ಹೋಯಿತು, ಇನ್ನೊಂದು ರಾಯರ ಜೇಬಿಗೆ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲ. ಆದರೆ ಬೋರ್ಡು ಹಾಕಿದ ಮೇಲೆ ಜನ ಅದನ್ನು ಪಾಲಿಸುತ್ತಾರೋ ಇಲ್ಲವೋ ಎಂದು ಕಂಬದ ಮರೆಯಿಂದ ನೋಡುವುದೂ ರಾಯರ ಉದ್ಯೋಗದ ಭಾಗವೇ ಆಗಿತ್ತು. ಅವರ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು, ಹೆಂಡತಿಯ ಕೆಲಸ ನಾಲ್ಕಕ್ಕೆ. ಬೆಳಗಿನ ಹೊತ್ತಿನ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ಕಾರ್ಖಾನೆಯಲ್ಲಿ ಬೆರಳು ಹೋದದ್ದೆಲ್ಲ ಮಧ್ಯಾಹ್ನದ ಮೇಲೆಯೇ. ಅಪಾಯ ಎನ್ನುವುದು ಊಟವಾದ ಮೇಲೆ ಏಳುತ್ತದೆ ಎಂಬುದು ಅವರ ಸಿದ್ಧಾಂತ. ಆಕೆ ಕೆಲಸಕ್ಕೆ ಸೇರುವ ಹಿಂದಿನ ಸಂಜೆ ಯಾರಿಗೂ ಕಾಣದಂತೆ ಈರುಳ್ಳಿಯನ್ನು ನೆಲಕ್ಕೆ ಸುರಿದು ಹೆಲ್ಮೆಟ್ ತೆಗೆದು, ಕಾರ್ಖಾನೆಯ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಹೆಲ್ಮೆಟ್ ಹಾಕಿದವನನ್ನು ಯಾರೂ ಅನುಮಾನಿಸುವುದಿಲ್ಲ, ಗಾಡಿ ಇಲ್ಲೇ ಎಲ್ಲೋ ನಿಲ್ಲಿಸಿರಬೇಕು ಅಂದುಕೊಳ್ಳುತ್ತಾರೆ ಎನ್ನುವುದು ಅವರ ಲೆಕ್ಕಾಚಾರವಾಗಿತ್ತು.

ಮೊದಲ ಮಂಗಳವಾರ ನಾಲ್ಕು ಗಂಟೆಗೆ ಆಸ್ಪತ್ರೆಯ ಗೇಟಿನಿಂದ ಹೆಂಡತಿ ಹೊರಬಂದರು. ಐವತ್ತು ಹೆಜ್ಜೆ ಹಿಂದೆ, ತಲೆಗೆ ಕರಿ ಹೆಲ್ಮೆಟ್, ಕೈಯಲ್ಲಿ ನೀಲಿ ಅಂಚಿನ ಬುತ್ತಿ ಚೀಲ ಹಿಡಿದು ಜೋಪಾನರಾಯರು ಹೊರಟರು.

ಮೊದಲ ಆಶ್ಚರ್ಯ ಎಂದರೆ ಆ ನಡಿಗೆ. ಮನೆಯಲ್ಲಿ ಅಡುಗೆಕೋಣೆಯಿಂದ ಪಡಸಾಲೆಗೆ ಬರಲು ಹೊತ್ತು ಮಾಡುವ ಹೆಂಗಸು ಇಲ್ಲಿ ಬಾಣದ ಹಾಗೆ ಹೋಗುತ್ತಿದ್ದರು. ರಾಯರು ಓಡಬೇಕಾಯಿತು. ಎರಡನೆಯದು ಮಾತು. ಸೂತ್ರ ಒಂದು, ಅಪರಿಚಿತರೊಡನೆ ಮಾತು ಬೇಡ. ಆಕೆ ಗೇಟಿನ ಕಾವಲುಗಾರನಿಗೆ ಏನೋ ಹೇಳಿ ನಗಿಸಿದರು. ಚಪ್ಪಲಿ ಹೊಲಿಯುವವನ ಹತ್ತಿರ ನಿಂತು ಅವನ ಸೂಜಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಯಾವಳೋ ತಾಯಿ ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಹೊತ್ತು ಅವಳ ಮಗುವನ್ನು ಎತ್ತಿಕೊಂಡು ನಿಂತರು. ರಾಯರು ಜೇಬಿನ ಪುಸ್ತಕದಲ್ಲಿ ಗೀಟು ಹಾಕುತ್ತ ಹೋದರು. ಒಂದು ಮೈಲಿಗೆ ಹನ್ನೊಂದು ಗೀಟುಗಳಾದವು. ಹನ್ನೊಂದು ಜನರ ಹತ್ತಿರ ಆಡುವಷ್ಟು ಮಾತು ಇವಳಲ್ಲಿ ಎಲ್ಲಿತ್ತು? ತಮ್ಮ ಹತ್ತಿರ ದಿನಕ್ಕೆ ನಾಲ್ಕು ಮಾತು: ಏಳಿ, ಊಟ, ಸಾಕಾ, ದೀಪ ಆರಿಸಿ.

ಅರ್ಧ ದಾರಿಯಲ್ಲಿ ಒಂದು ಕಲ್ಲು ಬೆಂಚು. ಆಕೆ ಅಲ್ಲಿ ಕುಳಿತು ಹತ್ತು ನಿಮಿಷ ಸುಮ್ಮನೆ ಎದುರಿಗೆ ನೋಡಿದರು. ಬೆಂಚಿನ ಹಿಂದೆ ಸ್ವಲ್ಪ ದೂರದಲ್ಲಿ ಮರವೊಂದಿತ್ತು, ರಾಯರು ಅದರ ಮರೆಗೆ ಸರಿದರು. ಅಷ್ಟರಲ್ಲಿ ಹೆಲ್ಮೆಟ್ಟಿನ ಒಳಗಿನ ಈರುಳ್ಳಿ ವಾಸನೆ ಬಿಸಿಲಿಗೆ ಎದ್ದು, ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯತೊಡಗಿತು. ಮುಂದಿನ ಗಾಜು ಮಸುಕಾಯಿತು. ಗಾಜು ಎತ್ತಿ ಕಣ್ಣು ಒರೆಸಿಕೊಂಡು ನೋಡಿದರೆ, ಬೆಂಚಿನ ಮೇಲೆ ಕುಳಿತವರು ಹಿಂತಿರುಗಿ ಇವರತ್ತಲೇ ನೋಡುತ್ತಿದ್ದರು. ತಕ್ಷಣ ಗಾಜು ಇಳಿಸಿದರು. ಆಕೆಗೆ ಗುರುತು ಸಿಗಲಿಲ್ಲ. ಆದರೆ ಆಕೆ ಎದ್ದರು. ಆಮೇಲೆ ಮನೆಯವರೆಗೂ ತಿರುಗಿ ನೋಡಲಿಲ್ಲ.

ಅಂದು ಊಟಕ್ಕೆ ಕುಳಿತಾಗ ರಾಯರು ಏನೂ ಅರಿಯದವರಂತೆ ಕೇಳಿದರು: "ದಾರೀಲಿ ಏನಾದ್ರೂ?"

"ಏನಿಲ್ಲ."

"ಯಾರಾದ್ರೂ?"

"ಯಾರೂ ಇಲ್ಲ. ಯಾಕೆ?"

ಶುಕ್ರವಾರ ಆಕೆ ಯಾರೊಡನೆಯೂ ಮಾತಾಡಲಿಲ್ಲ. ಎರಡು ಸಲ ರಸ್ತೆ ದಾಟಿದರು, ರಾಯರೂ ದಾಟಿದರು. ಔಷಧಿ ಅಂಗಡಿಗೆ ನುಗ್ಗಿ ಕಾಲು ಗಂಟೆ ನಿಂತರು. ರಾಯರು ಎದುರಿನ ಕಂಬಕ್ಕೆ ಒರಗಿ, ನೀರು ತುಂಬಿದ ಕಣ್ಣಿನಿಂದ ಅಂಗಡಿಯನ್ನೇ ನೋಡುತ್ತ, ತಮ್ಮ ಸೂತ್ರಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದು ಹೆಮ್ಮೆಪಟ್ಟರು. ಆ ಹೆಮ್ಮೆಯಲ್ಲಿ, ಸೂತ್ರಗಳು ಯಾರ ಮೇಲೆ ಕೆಲಸ ಮಾಡುತ್ತಿವೆ ಎಂಬ ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲ. ಚಪ್ಪಲಿ ಹೊಲಿಯುವವನ ಬಳಿ ಹೆಂಡತಿ ಬಾಗಿ ಏನೋ ಪಿಸುಗುಟ್ಟಿದರು. ಬೆಂಚಿನ ಕಡೆ ನೋಡಲೇ ಇಲ್ಲ. ಕಡೆಯ ಅರ್ಧ ಮೈಲಿ ಓಟ.

ಅಂದೂ ಕೇಳಿದರು. ಅಂದೂ "ಏನಿಲ್ಲ".

ಬಡಿಸುವಾಗ ಆಕೆಯ ಅಂಗೈಯಲ್ಲಿ ಕೆಂಪಗೆ ಒತ್ತಿದ ಗುರುತು ಕಂಡಿತು. "ಸೂಜಿ ಜೋಪಾನ" ಎಂದರು ರಾಯರು. ಆಕೆ ಕೈ ಮಡಚಿಕೊಂಡರು.

"ಅಲ್ವೋ, ನನ್ನ ಈರುಳ್ಳಿ ಹೆಲ್ಮೆಟ್ಟು ಎಲ್ಲೋಯ್ತು?" ಎಂದರು ತಾಯಿ. "ನಾಲ್ಕು ದಿನದಿಂದ ಈರುಳ್ಳಿ ಎಲ್ಲ ನೆಲದ ಮೇಲೆ ಉರುಳಾಡ್ತಾ ಇದೆ. ಕಳ್ಳ ಬಂದಿದ್ರೆ ಈರುಳ್ಳಿ ಬಿಟ್ಟು ಹೆಲ್ಮೆಟ್ ಯಾಕೆ ಒಯ್ತಾನೆ?"

"ಜೋಪಾನವಾಗಿ ಹುಡುಕಮ್ಮ, ಸಿಗುತ್ತೆ" ಎಂದು ರಾಯರು ಎದ್ದುಹೋದರು. ಹೆಂಡತಿ ನೆಲದ ಮೇಲಿನ ಈರುಳ್ಳಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು.

ಎರಡನೆಯ ವಾರ ರಾಯರ ತಲೆ ಕೆಡಿಸಿದ ಘಟನೆ ನಡೆಯಿತು. ಶುಕ್ರವಾರ ಓಡಿಹೋದ ಅದೇ ಹೆಂಗಸು ಮಂಗಳವಾರ ನೆಟ್ಟಗೆ ಹೋಗಿ ಆ ಬೆಂಚಿನ ಮೇಲೆ ಕುಳಿತರು. ರಾಯರು ಮರದ ಹಿಂದೆ ತಲೆ ಮರೆಸಿಕೊಂಡರು. ಆಕೆ ಎದುರಿಗೆ ದಿಟ್ಟಿಸಿ ನೋಡಿದರು. ಒಂದು ನಿಮಿಷ ಅಲುಗಲಿಲ್ಲ. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೇನೋ ಎಂದುಕೊಂಡರು ರಾಯರು. ಅಷ್ಟರಲ್ಲಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ ನಗು ಹೊರಬಂತು. ಗಟ್ಟಿಯಾದ, ಹುಡುಗಿಯರ ಹಾಗಿನ ನಗು.

ಆ ನಗು ರಾಯರಿಗೆ ಹೊಸದು. ಅವಳು ಏನು ನೋಡಿ ನಕ್ಕಳು? ಮರದ ಹಿಂದಿನಿಂದ ಹೊರಬರುವಂತಿಲ್ಲ, ಬೆಂಚು ದಾಟಿ ಮುಂದೆ ಹೋಗುವಂತೆಯೂ ಇಲ್ಲ. ಶುಕ್ರವಾರವೂ ಅದೇ ಬೆಂಚು, ಅದೇ ನಗು. ಸುರಕ್ಷತೆಯ ಮಾತು ಅಲ್ಲಿಗೆ ಹಿಂದೆ ಬಿತ್ತು. ರಾಯರನ್ನು ಈಗ ಎಳೆಯುತ್ತಿದ್ದುದು ಬರೀ ಕುತೂಹಲ. ತಡೆಯಲಾರದೆ ಮರುದಿನ ಶನಿವಾರ, ಹೆಲ್ಮೆಟ್ ಇಲ್ಲದೆ, ಸಭ್ಯ ಗೃಹಸ್ಥರಂತೆ ಹೋಗಿ ಆ ಬೆಂಚಿನ ಪಕ್ಕ ನಿಂತು ಎದುರಿಗೆ ನೋಡಿದರು. ಒಂದು ಸೈಕಲ್ ಸ್ಟ್ಯಾಂಡು, ಬಾಗಿಲು ಹಾಕಿದ ಮಳಿಗೆ, ನಡುವೆ ಕನ್ನಡಕದ ಅಂಗಡಿ. ಅಂಗಡಿಯ ಮುಂದೆ ಆಳೆತ್ತರದ ಕನ್ನಡಿ. ನಗುವಂಥದ್ದು ಏನೂ ಕಾಣಲಿಲ್ಲ. ಕನ್ನಡಿಯಲ್ಲಿ ಮೀಸೆ ಸರಿಮಾಡಿಕೊಂಡು ಹಿಂದಿರುಗಿದರು.

ಮೂರನೆಯ ವಾರ ಆಕೆ ದಾರಿಯನ್ನೇ ಬದಲಿಸಿದರು. ಮೀನಿನ ಮಾರುಕಟ್ಟೆ ಸುತ್ತಿದರು. ರೈಲು ಹಳಿಯ ಮೇಲ್ಸೇತುವೆ ಹತ್ತಿ, ಇಳಿದು, ಏನೋ ಮರೆತವರಂತೆ ಮತ್ತೆ ಹತ್ತಿದರು. ಎಪ್ಪತ್ತೆರಡು ಮೆಟ್ಟಿಲು, ನಾಲ್ಕು ಸಲ. ರಾಯರು ಅಳುತ್ತ, ಏದುಸಿರು ಬಿಡುತ್ತ, ಪ್ರತಿ ಮೆಟ್ಟಿಲಿಗೂ ಒಂದು ಬೋರ್ಡು ಇರಬೇಕಿತ್ತು ಅಂದುಕೊಳ್ಳುತ್ತ ಹಿಂದೆ ಹೋದರು.

ಅಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಅವರ ಬೀದಿ ತಲುಪಿತ್ತು. ಭಾನುವಾರ ಬೆಳಗ್ಗೆ ಮಹಡಿ ಮೇಲಿನ ಮನೆಯಾಕೆ ಬಂದು ಕೂತರು. ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯ ಮೇಲ್ವಿಚಾರಕಿ ಅವರ ಅಕ್ಕ.

"ರಾಯರೇ, ಗಾಡಿ ಇಲ್ಲದ ಹೆಲ್ಮೆಟ್ಟು ಅಂತ ಒಬ್ಬ ಓಡಾಡ್ತಾ ಇದಾನಂತೆ. ಆಸ್ಪತ್ರೆಯಿಂದ ಬರೋ ಹೆಂಗಸರ ಹಿಂದೆ ಬೀಳ್ತಾನಂತೆ. ಅದೂ ಅಳ್ತಾ."

"ಅಳ್ತಾ?" ಎಂದರು ರಾಯರು.

"ಗಳಗಳ ಅಂತ. ಔಷಧಿ ಅಂಗಡಿಯವನೇ ನೋಡಿದಾನಂತೆ. ನಮ್ಮಕ್ಕ ಹೇಳ್ತಾಳೆ, ಸತ್ತ ಹೆಂಡತಿ ನೆನಪಿರ್ಬೇಕು ಅಂತ. ಚಪ್ಪಲಿಯವನು ಹೇಳ್ತಾನೆ, ಬದುಕಿರೋ ಹೆಂಡತಿ ನೆನಪೇ ಇರ್ಬೇಕು ಅಂತ."

ರಾಯರ ಹೆಂಡತಿ ಒಳಗಿನಿಂದ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

"ನೀವು ಇಂಥದ್ರಲ್ಲಿ ಪಂಡಿತರು" ಎಂದು ಮಹಡಿಯಾಕೆ ಮುಂದುವರಿಸಿದರು. "ಬೀದಿಗೆ ಒಂದು ಎಚ್ಚರಿಕೆ ಬೋರ್ಡು ಬರೆದುಕೊಡಿ. ಅವನ ಚಹರೆ ಸಮೇತ."

ಬೋರ್ಡು ಬರೆಯುವುದಿಲ್ಲ ಎಂದು ಜೋಪಾನರಾಯರು ಜೀವಮಾನದಲ್ಲಿ ಅಂದವರಲ್ಲ. ಈಗ ಅಂದರೆ ಅನುಮಾನ. ಹಲಗೆ ತಂದು, ಕೆಂಪು ಬಣ್ಣ ಕಲಸಿ, ತಮ್ಮ ವಿರುದ್ಧ ತಾವೇ ದುಂಡಗಿನ ಅಕ್ಷರದಲ್ಲಿ ಬರೆದರು: 'ಎಚ್ಚರಿಕೆ. ಹೆಲ್ಮೆಟ್ ಧರಿಸಿದ ಅಪರಿಚಿತ. ಆರಡಿ ಎತ್ತರ, ಕಡ್ಡಿಯಂಥ ಮೈ, ವಯಸ್ಸು ಸುಮಾರು ಇಪ್ಪತ್ತೈದು.'

ಹೆಂಡತಿ ಬಾಗಿಲಲ್ಲಿ ನಿಂತು ಓದಿದರು. "ಕಡ್ಡಿಯಂಥ ಮೈ ಅಂತ ನಿಮಗೆ ಯಾರು ಹೇಳಿದ್ದು?"

"ಹಿಂಬಾಲಿಸೋರು ಸಾಮಾನ್ಯವಾಗಿ ಹಾಗೇ ಇರ್ತಾರೆ. ಓಡಬೇಕಲ್ಲ." ರಾಯರು ಕುಂಚ ತೊಳೆದರು. "ಅಂದ ಹಾಗೆ, ನಿನಗೆ ಕಂಡಿದಾನೇನು ಅವನು?"

ಹೌದು ಅಂದರೆ ಷರತ್ತಿನ ಪ್ರಕಾರ ನಾಳೆಯಿಂದ ಕೆಲಸ ಬಂದ್. ಆಸ್ಪತ್ರೆ ಇಲ್ಲ, ಚಪ್ಪಲಿಯವನು ಇಲ್ಲ, ಆ ಬೆಂಚೂ ಇಲ್ಲ, ಆ ನಗುವೂ ಇಲ್ಲ. ಹೌದು ಅನ್ನಲಿ ಎಂದೂ ಅವರಿಗೆ ಅನಿಸಿತು, ಅನ್ನದಿರಲಿ ಎಂದೂ ಅನಿಸಿತು. ಎರಡನೆಯದು ಸ್ವಲ್ಪ ಹೆಚ್ಚೇ ಅನಿಸಿದ್ದು ಅವರಿಗೇ ವಿಚಿತ್ರವಾಗಿತ್ತು.

"ಆರಡಿ ಎತ್ತರದವನು ಯಾರೂ ಕಂಡಿಲ್ಲ" ಎಂದರು ಹೆಂಡತಿ. ಸ್ವಲ್ಪ ತಡೆದು, "ನಿಮಗೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು.

"ಬಣ್ಣ ಒಣಗಿಲ್ಲ, ಮುಟ್ಟೀಯ, ಜೋಪಾನ" ಎಂದರು ರಾಯರು.

ತಿಂಗಳ ಕಡೆಯ ಶುಕ್ರವಾರ ಬಂತು. ಇದೊಂದು ದಿನ ಕಳೆದರೆ ಪರೀಕ್ಷೆ ಮುಗಿದಂತೆ. ಇವತ್ತು ಹೇಗಾದರೂ ಬೆಂಚಿನ ಗುಟ್ಟು ತಿಳಿಯಬೇಕೆಂದು ರಾಯರು ಹೆಲ್ಮೆಟ್ ಏರಿಸಿ ಆಸ್ಪತ್ರೆಯ ಗೇಟಿನ ಎದುರು ಕಾದರು. ನಾಲ್ಕಾಯಿತು, ನಾಲ್ಕೂ ಹತ್ತಾಯಿತು. ಹೆಂಡತಿ ಬರಲಿಲ್ಲ. ಬದಲಿಗೆ ಹೊಲಿಗೆ ಕೋಣೆಯ ನಾಲ್ಕು ಹೆಂಗಸರು ಒಗೆದ ಚಾದರವೊಂದನ್ನು ಮಡಚಲು ಹಿಡಿದಂತೆ ನಾಲ್ಕು ಮೂಲೆ ಹಿಡಿದು ನಿಧಾನವಾಗಿ ಬಂದರು. ರಸ್ತೆಯಲ್ಲಿ ಯಾಕೆ ಮಡಚುತ್ತಾರೆ, ಧೂಳಾಗುವುದಿಲ್ಲವೇ ಎಂದು ರಾಯರು ಯೋಚಿಸುತ್ತಿರುವಾಗಲೇ ಚಾದರ ಅವರ ತಲೆಯ ಮೇಲಿನಿಂದ ಇಳಿಯಿತು. ಮೇಲ್ವಿಚಾರಕಿ ದಾದಿಯರಿಂದ ಕಲಿತಿದ್ದ ಪಟ್ಟು ಅದು, ಗಲಾಟೆ ಮಾಡುವ ರೋಗಿಯನ್ನು ಮಗ್ಗುಲು ತಿರುಗಿಸಿ ಸುತ್ತುವುದು. ಅರೆಗಳಿಗೆಯಲ್ಲಿ ರಾಯರು ತಲೆಯಿಂದ ಮೊಣಕಾಲವರೆಗೆ ಹಾಸಿಗೆಯ ಸುರುಳಿಯಾದರು. ಚಪ್ಪಲಿಯವನು ದಪ್ಪ ದಾರದಲ್ಲಿ ಎರಡು ಗಂಟು ಬಿಗಿದ.

"ಮಾತಾಡ್ಬೇಡಪ್ಪ" ಎಂದರು ಮೇಲ್ವಿಚಾರಕಿ. "ಅಳೋದಾದ್ರೆ ಅಳು, ಯಾರೂ ಏನೂ ಅನ್ನಲ್ಲ."

ಪೊಲೀಸ್ ಠಾಣೆ ಎರಡು ಕಟ್ಟಡದಾಚೆ ಇತ್ತು. ಸುರುಳಿ ಬಿಚ್ಚಿದರು. ಹೆಲ್ಮೆಟ್ಟಿನ ಕೊಂಡಿ ತುಕ್ಕು ಹಿಡಿದು ಬಿಗಿದಿತ್ತು, ಬಿಚ್ಚಲಾಗಲಿಲ್ಲ. ಠಾಣಾಧಿಕಾರಿ ನಡುವಯಸ್ಸಿನ ಹೆಂಗಸು. ಚಹಾ ಕುಡಿಯುತ್ತ, ಮುಂದೆ ನಿಂತ ಹೆಲ್ಮೆಟ್ಟನ್ನು ಮೇಲಿಂದ ಕೆಳಗೆ ನೋಡಿದರು.

"ಗಾಡಿ ಎಲ್ಲಿ?"

"ಇಲ್ಲ" ಎಂಬ ಸದ್ದು ಗಡಿಗೆಯೊಳಗಿನಿಂದ ಬಂದಂತೆ ಬಂತು.

"ಹೆಲ್ಮೆಟ್ ಇಲ್ದೆ ಗಾಡಿ ಓಡ್ಸೋರನ್ನ ದಿನಾ ಹಿಡೀತೀವಿ. ಗಾಡಿ ಇಲ್ದೆ ಹೆಲ್ಮೆಟ್ ಓಡ್ಸೋರನ್ನ ಇವತ್ತೇ ನೋಡಿದ್ದು." ಪೇದೆಯ ಕಡೆ ತಿರುಗಿ, "ಯಾವ ಕಲಮಿನಲ್ಲಿ ಬರುತ್ತಪ್ಪ ಇದು?" ಎಂದರು. ಪೇದೆ ಪುಸ್ತಕ ತಿರುವಿಹಾಕತೊಡಗಿದ.

ರಾಯರ ಜೇಬಿನಿಂದ ಸಪ್ತ ಸೂತ್ರಗಳ ಪತ್ರ ಸಿಕ್ಕಿತು. ಠಾಣಾಧಿಕಾರಿ ಅದನ್ನು ಬಿಡಿಸಿದರು. ಮೇಲ್ವಿಚಾರಕಿಯೂ ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. "ನೋಡಿ ಮೇಡಮ್, ನಮ್ಮಲ್ಲಿರೋದೇ ಇವನ ಹತ್ರನೂ ಇದೆ. ಹೊಸದಾಗಿ ಸೇರಿದ ನಮ್ಮ ಹೊಲಿಗೆಯಾಕೆಗೆ ಅವರ ಯಜಮಾನರು ಬರೆದುಕೊಟ್ಟಿದ್ದು. ಬಹಳ ತಿಳಿದವರಂತೆ. ನಾವೆಲ್ಲ ಜೆರಾಕ್ಸ್ ಮಾಡಿಸ್ಕೊಂಡು, ಅದರಲ್ಲಿದ್ದ ಹಾಗೇ ಮಾಡಿದ್ವಿ. ಗುಂಪಾಗಿ ಎದುರಿಸಿದ್ವಿ, ಠಾಣೆಗೆ ತಂದ್ವಿ."

"ಒಳ್ಳೇ ಬರವಣಿಗೆ" ಎಂದರು ಅಧಿಕಾರಿ ಓದುತ್ತ. "ಈ ಯಜಮಾನರು ಸಿಕ್ಕಿದ್ರೆ ನಮ್ಮ ಠಾಣೆಗೂ ಒಂದು ಬರೆಸಬಹುದಿತ್ತು."

ಜೀವಮಾನದ ಅತಿ ದೊಡ್ಡ ಮೆಚ್ಚುಗೆ ಬಂದಾಗ ಮುಖ ತೋರಿಸಲಾಗದ ಸ್ಥಿತಿ ಶತ್ರುವಿಗೂ ಬೇಡ.

ಅಷ್ಟರಲ್ಲಿ ಹೆಂಡತಿ ಬಂದರು. ಅಂದು ಹೊಲಿಗೆ ಕೋಣೆಯವರು ಆಕೆಯನ್ನು ಬೇಕೆಂದೇ ಒಳಗೆ ಕೂರಿಸಿ ಬಂದಿದ್ದರು. ವಿಷಯ ತಿಳಿದು ಆಕೆ ಓಡಿಬಂದಿದ್ದರು. ಪೇದೆ ಇಕ್ಕಳ ತಂದು ಕೊಂಡಿ ಕತ್ತರಿಸಿದ. ಇಬ್ಬರು ಹಿಡಿದು ಎಳೆದರು. ಹೆಲ್ಮೆಟ್ ಕಿತ್ತುಬಂತು. ಅದರೊಳಗಿನ ಹರಿದ ಮೆತ್ತೆಯ ಸಂದಿಯಿಂದ ನೆಲ್ಲಿಕಾಯಿ ಗಾತ್ರದ ಈರುಳ್ಳಿಯೊಂದು ಉದುರಿ, ಠಾಣೆಯ ನೆಲದ ಮೇಲೆ ಉರುಳುತ್ತ ಹೋಗಿ ಹೆಂಡತಿಯ ಪಾದದ ಹತ್ತಿರ ನಿಂತಿತು.

ಆಕೆ ಬಗ್ಗಿ ಅದನ್ನು ಎತ್ತಿಕೊಂಡರು.

"ಈ ಈರುಳ್ಳಿ ನಮ್ಮನೇದು" ಎಂದರು.

"ಇವ್ರು?" ಎಂದು ಕೇಳಿದರು ಅಧಿಕಾರಿ. "ಗುರುತಿದೆಯಾ?"

ಹೆಂಡತಿ ರಾಯರನ್ನು ನೋಡಿದರು. ಬೆವರಿಗೆ ಕೂದಲು ಅಂಟಿಕೊಂಡು, ಕಣ್ಣು ಕೆಂಪಗಾಗಿ, ಮೀಸೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.

"ಮನೇಲಿ ನೋಡಿದೀನಿ" ಎಂದರು. "ರಸ್ತೇಲಿ ಪರಿಚಯ ಇಲ್ಲ."

ಮೇಲ್ವಿಚಾರಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚಪ್ಪಲಿಯವನು, "ನಾನು ಮೊದಲೇ ಹೇಳಲಿಲ್ವಾ, ಬದುಕಿರೋ ಹೆಂಡತಿ ಅಂತ" ಎಂದ.

"ಜೋಪಾನಕ್ಕೆ ಅಂತ ಬಂದೆ" ಎಂದರು ರಾಯರು. ಅವರ ದನಿ ಈಗ ಗಡಿಗೆಯಿಂದ ಹೊರಬಂದಿತ್ತಾದರೂ ಮೊದಲಿಗಿಂತ ಸಣ್ಣದಾಗಿತ್ತು. "ದಾರೀಲಿ ಯಾರಾದ್ರೂ ಏನಾದ್ರೂ ಮಾಡಿದ್ರೆ?"

"ಈ ತಿಂಗಳಲ್ಲಿ ದಾರೀಲಿ ಎಷ್ಟು ಜನ ಸಿಕ್ಕಿದ್ರು ಗೊತ್ತಾ?" ಎಂದರು ಹೆಂಡತಿ. ಅವರು ದನಿ ಎತ್ತರಿಸಲಿಲ್ಲ. "ಕಾವಲಿನವನು ಮಳೆ ಬರುತ್ತೆ ಅಂತ ಛತ್ರಿ ಕೊಟ್ಟ. ಇವರು ಚಪ್ಪಲಿ ಕಿತ್ತೋದಾಗ ಬಿಟ್ಟಿ ಹೊಲಿದುಕೊಟ್ಟರು. ಯಾರಿಗೂ ನನ್ನ ಗುರುತಿರಲಿಲ್ಲ. ನಾನು ಹೆದರಿದ್ದು ಒಬ್ಬರಿಗೇ. ಮೊದಲನೇ ವಾರ ಮನೆ ಮುಟ್ಟೋವರೆಗೂ ಬೀಗದ ಕೈ ಬೆರಳ ಸಂದೀಲಿ ಹಿಡ್ಕೊಂಡು ಓಡಿದೀನಿ. ಅಂಗೈ ಕೆಂಪಾಗಿತ್ತು. ನೀವು ಸೂಜಿ ಜೋಪಾನ ಅಂದ್ರಿ."

ರಾಯರು ಆಕೆಯ ಅಂಗೈ ನೋಡಿದರು. ಅಲ್ಲಿ ಈಗ ಈರುಳ್ಳಿ ಇತ್ತು.

"ನನಗೆ ಹೇಳಬಹುದಿತ್ತಲ್ಲ" ಎಂದರು ಕಡೆಗೆ.

"ಹೇಳಿದ್ರೆ ಕೆಲಸ ಬಿಡಿಸ್ತಿದ್ರಿ. ಷರತ್ತು ಇತ್ತಲ್ಲ."

"ಯಾವ ಷರತ್ತು?" ಎಂದು ಠಾಣಾಧಿಕಾರಿ ಹಾಳೆಯ ಕಡೆಯ ಸಾಲಿಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "'ಅಹಿತಕರ ಘಟನೆ ನಡೆದಲ್ಲಿ, ಅದಕ್ಕೆ ಕಾರಣರಾದವರು ಮುಂದೆ ರಸ್ತೆಯ ಬಳಿ ಒಂಟಿಯಾಗಿ ಸುಳಿಯತಕ್ಕದ್ದಲ್ಲ.' ಕಾರಣರಾದವರು. ಸಹಿ ಯಾರದು ಇದು?"

"ನನ್ನದು" ಎಂದರು ರಾಯರು.

"ಘಟನೆಗೆ ಕಾರಣ ಯಾರು?"

ರಾಯರು ಸುತ್ತ ನೋಡಿದರು. ಹತ್ತು ವರ್ಷದ ಹಿಂದೆ ಯಂತ್ರದ ಕೋಣೆಗೆ ಆ ವಾಕ್ಯ ಬರೆದಾಗ, ಕಾರ್ಖಾನೆಯ ಮಾಲೀಕರೇ ಬೆನ್ನು ತಟ್ಟಿದ್ದರು. "ನಾನು" ಎಂದರು.

"ಕಲಮು ಹುಡುಕೋದು ನಿಲ್ಸಪ್ಪ" ಎಂದರು ಅಧಿಕಾರಿ ಪೇದೆಗೆ. "ಇವ್ರೇ ಬರ್ಕೊಂಡು ಬಂದಿದಾರೆ. ದೂರು ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದಮ್ಮ."

ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿದರು. ಆ ಸ್ವಲ್ಪ ಹೊತ್ತು ರಾಯರಿಗೆ ಎಪ್ಪತ್ತೆರಡು ಮೆಟ್ಟಿಲು ನಾಲ್ಕು ಸಲ ಹತ್ತಿದಷ್ಟು ಉದ್ದವಾಗಿತ್ತು.

"ಮುಚ್ಚಳಿಕೆ ಬರೆಸ್ಕೊಳ್ಳಿ ಮೇಡಮ್. ನನ್ನ ಹಿಂದೆ ಬರಲ್ಲ ಅಂತ. ನಾನು ಮಂಗಳವಾರ, ಶುಕ್ರವಾರ ಹೋಗ್ತಾ ಇರ್ತೀನಿ. ಅದನ್ನೂ ಸೇರ್ಸಿ."

ರಾಯರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟರು. ಹೊರಡುವಾಗ ಅಧಿಕಾರಿ, "ಆ ಬೀದಿ ಬೋರ್ಡಲ್ಲಿ ಚಹರೆ ತಿದ್ದಿಬಿಡಿ. ಕಡ್ಡಿಯಂಥ ಮೈ ಅಂತ ನಮ್ಮ ಹುಡುಗರು ಮೂರು ದಿನದಿಂದ ತೆಳ್ಳಗಿರೋರನ್ನೆಲ್ಲ ನಿಲ್ಲಿಸಿ ಕೇಳ್ತಾ ಇದಾರೆ" ಎಂದರು.

ರಸ್ತೆಗೆ ಬಂದ ಮೇಲೆ ರಾಯರು ಅಭ್ಯಾಸಬಲದಿಂದ ಐವತ್ತು ಹೆಜ್ಜೆ ಹಿಂದೆ ನಿಂತರು.

"ಹಿಂದೆ ಬರಲ್ಲ ಅಂತ ಈಗ ತಾನೆ ಬರೆದುಕೊಟ್ಟಿದೀರಿ" ಎಂದರು ಹೆಂಡತಿ ತಿರುಗದೆ. "ಪಕ್ಕದಲ್ಲಿ ನಡೀರಿ. ಓಡೋದು ನಿಮಗೆ ಅಭ್ಯಾಸ ಆಗಿದೆಯಲ್ಲ."

ರಾಯರು ಪಕ್ಕಕ್ಕೆ ಬಂದರು. ಚಾದರದ ನೂಲು ಮೈಗೆಲ್ಲ ಅಂಟಿತ್ತು. ಕೈಯಲ್ಲಿ ಬುತ್ತಿ ಚೀಲ, ಹೆಲ್ಮೆಟ್. ಔಷಧಿ ಅಂಗಡಿಯವನು ಹೊರಗೆ ಬಂದು ನಿಂತು, "ಇವರು ಯಾರಮ್ಮ?" ಎಂದು ಕೇಳಿದ. "ಹೇಳ್ತೀನಿ, ಇರಿ. ಈಗಷ್ಟೇ ಸಿಕ್ಕಿದಾರೆ" ಎಂದು ಆಕೆ ಮುಂದೆ ನಡೆದರು.

ಬೆಂಚಿನ ಹತ್ತಿರ ಬಂದಾಗ ರಾಯರ ಕಾಲು ತಾನಾಗಿ ನಿಧಾನವಾಯಿತು. ಕೇಳಬೇಕೋ ಬೇಡವೋ ಎಂದು ಮೂರು ಸಲ ಗಂಟಲು ಸರಿಮಾಡಿಕೊಂಡರು.

"ಇಲ್ಲಿ ಕೂತು ನಗ್ತಿದ್ದೆಯಲ್ಲ. ಏನು ನೋಡಿ?"

"ಕೂತ್ಕೊಳ್ಳಿ" ಎಂದರು ಹೆಂಡತಿ.

ಇಬ್ಬರೂ ಕುಳಿತರು. ಸೈಕಲ್ ಸ್ಟ್ಯಾಂಡು, ಬಾಗಿಲು ಹಾಕಿದ ಮಳಿಗೆ, ಕನ್ನಡಕದ ಅಂಗಡಿ. ಆಳೆತ್ತರದ ಕನ್ನಡಿಯಲ್ಲಿ ಬೆಂಚು ಕಂಡಿತು, ಬೆಂಚಿನ ಮೇಲೆ ಅವರಿಬ್ಬರೂ ಕಂಡರು. ಅವರ ಭುಜದ ಹಿಂದೆ, ಬಿಸಿಲಲ್ಲಿ ನಿಚ್ಚಳವಾಗಿ, ಆ ಮರ ಕಂಡಿತು. ಅದು ಈಚೆಗೆ ನೆಟ್ಟ ಎಳೆ ಮರ, ದಪ್ಪ ಇದ್ದದ್ದು ರಾಯರ ತೋಳಿನಷ್ಟು.

"ಎರಡನೇ ಮಂಗಳವಾರ, ಯಾರು ಅಂತ ನೋಡಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿ ಇಲ್ಲಿ ಕೂತೆ" ಎಂದರು ಹೆಂಡತಿ. "ಮರದ ಹಿಂದೆ ತಲೆ ಇತ್ತು. ಮರದ ಈ ಕಡೆ ಹೊಟ್ಟೆ, ಆ ಕಡೆ ನಾನೇ ಹೊಲಿದುಕೊಟ್ಟ ಬುತ್ತಿ ಚೀಲ."

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಕಥೆಯನ್ನು ರಾಯರು ಎಷ್ಟೋ ಸಲ ಕಾರ್ಖಾನೆಯಲ್ಲಿ ಹೇಳಿದ್ದುಂಟು. ಬೆಕ್ಕಿಗೆ ಆ ಕಥೆ ಯಾರೂ ಹೇಳಿರುವುದಿಲ್ಲ.

ರಾಯರು ಬಹಳ ಹೊತ್ತು ಕನ್ನಡಿಯನ್ನೇ ನೋಡಿದರು. ಆಮೇಲೆ ಎದ್ದು ಹೋಗಿ, ಆ ಎಳೆ ಮರದ ಹಿಂದೆ ತಲೆ ಇಟ್ಟುಕೊಂಡು, ಚೀಲ ಹಿಡಿದು, ಮೊದಲಿನಂತೆಯೇ ನಿಂತರು.

"ಹೀಗಾ?" ಎಂದು ಅಲ್ಲಿಂದಲೇ ಕೇಳಿದರು.

ಬೆಂಚಿನಿಂದ ನಗು ಬಂತು. ಈ ಸಲ ಸೆರಗು ಅಡ್ಡ ಇರಲಿಲ್ಲ.